ಸಂಚಿಯಲ್ಲಿದ್ದ ಹದಿನಾಲ್ಕು ಮೂಳೆ

ಟೆಂಪೊ ಹಿಂದಹಿಂದಕ್ಕೆ ಬಂದು ನಮ್ಮ ಹಳೇ ರೇಷ್ಮೆ ಹುಳು ಮನೆಯ ಬಾಗಿಲಿಗೆ ನಿಂತಿತು. ನಾಲ್ಕು ಜನ ಉಸಿರು ಬಿಗಿಹಿಡಿದು ಒಂದು ಬಿಳಿ ಕಟ್ಟನ್ನು ಇಳಿಸಿದರು. ಕೈಕಾಲು ಮುರಿದವರಿಗೆ ಆಸ್ಪತ್ರೆಯಲ್ಲಿ ಹಾಕುತ್ತಾರಲ್ಲ, ಅದೇ ಪ್ಲಾಸ್ಟರು, ಒಳಗೆ ಗೋಣಿಪಟ್ಟಿ. ಕಾಲು ಬಂದಿದೆ, ಕಾಲಿನವನು ಬಂದಿಲ್ಲ ಅಂದುಕೊಂಡೆ.

ನನ್ನ ಸೊಸೆ ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದಳು. “ಏನತ್ತೆ, ಹುಳ ಸಾಕೋ ಮನೇಲಿ ಯಾರಾದ್ರೂ ಮೂಳೆ ಇಡ್ತಾರಾ? ಮೈಲಿಗೆ ಆಗಲ್ವಾ?”

“ತಂದೋಳು ನಿನ್ನ ತವರಿನೋಳು, ನನ್ನೇನು ಕೇಳ್ತೀಯ? ಮೂಳೆ ಕಲ್ಲಾಗಿ ಯಾವ ಕಾಲ ಆಯ್ತೋ. ಕಲ್ಲಿಗೂ ಮೈಲಿಗೆ ಅನ್ನೋದಾದ್ರೆ ಸುತ್ತ ಇರೋ ಬೆಟ್ಟಾನೆಲ್ಲಾ ತೊಳೀಬೇಕು ಕಣೇ” ಅಂದೆ.

ತಂದವಳು ಕೈವಾರದ ಹುಡುಗಿ. ಸೊಸೆಗೆ ಚಿಕ್ಕಪ್ಪನ ಮಗಳಾಗಬೇಕು. ಬೆಂಗಳೂರಿನ ಕಾಲೇಜೊಂದರಲ್ಲಿ ಕಲ್ಲಾದ ಮೂಳೆಗಳ ಮೇಲೆ ದೊಡ್ಡ ಓದು ಓದುತ್ತಿದ್ದಳು. ಅಲ್ಲಿ ಅವಳ ಕೆಲಸದ ಕೋಣೆ ರಿಪೇರಿಗೆ ಬಿದ್ದಿತ್ತು. ಜಂಗಮಕೋಟೆಯಲ್ಲಿ ನಮ್ಮ ಹಳೇ ಹುಳು ಮನೆ ಖಾಲಿ ಇತ್ತು, ಮಗ ತೋಟದಲ್ಲಿ ಹೊಸ ಶೆಡ್ಡು ಕಟ್ಟಿಸಿದ್ದ. ಎರಡು ಬಾಗಿಲು, ಕಿಟಕಿಗೆಲ್ಲ ಜಾಲರಿ, ಬೇಕಾದಷ್ಟು ತಟ್ಟೆ, ತಟ್ಟೆ ಜೋಡಿಸುವ ಸ್ಟ್ಯಾಂಡು, ಒಳಗೇ ನೀರಿನ ತೊಟ್ಟಿ. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಬರಬಾರದೆಂದು ಕಟ್ಟಿದ ಮನೆಗೆ ಧೂಳೂ ಬರುವುದಿಲ್ಲ. ಅವಳಿಗೆ ಬೇಕಾದ್ದೂ ಅದೇ.

ನಾನು ಹೋದದ್ದು ಗುಡಿಸುವುದಕ್ಕೆ. ಎರಡನೆಯ ದಿನ ಅವಳು ಒಂದು ಸೂಜಿ ಕೈಗೆ ಕೊಟ್ಟಳು, ಹಲ್ಲಿನ ಡಾಕ್ಟರು ಇಟ್ಟುಕೊಳ್ಳುವಂಥದ್ದು. “ಅವ್ವಾ, ನಿಮ್ಮ ಕೈ ನಡುಗಲ್ಲ. ಇಲ್ಲಿ ಸ್ವಲ್ಪ ಕೆರೀರಿ ನೋಡಣ” ಅಂದಳು. ಅವರ ಮನೆಯಲ್ಲಿ ತೆಲುಗು, ಅಜ್ಜಿಗೆ ಅವ್ವ ಅನ್ನುತ್ತಾರೆ. ಕೆರೆದೆ. ಸೂಜಿಯ ಮೊನೆ ಮೂಳೆಯ ಕಡೆಗೆ ಹೋಗಬಾರದು, ಮೂಳೆಯಿಂದ ಆಚೆಗೆ ಹೋಗಬೇಕು. ಕಲ್ಲಿನ ಪುಡಿ ಎದ್ದರೆ ಊದಬಾರದು, ಬ್ರಷ್ಷಿನಲ್ಲಿ ಎಳೆಯಬೇಕು. ಮರಿ ಹುಳುವನ್ನು ಕೋಳಿ ಪುಕ್ಕದಲ್ಲಿ ಎತ್ತಿ ಎತ್ತಿ ಬೆರಳು ಬಲಿತವಳು ನಾನು, ಇದೇನು ಮಹಾ ಅಲ್ಲ.

ಪ್ಲಾಸ್ಟರಿನೊಳಗೆ ಇದ್ದದ್ದು ಗುಜರಾತಿನ ಕಡೆಯ ಬೂದು ಕಲ್ಲು. ಕಲ್ಲಿನೊಳಗೆ ಒಂದು ಪ್ರಾಣಿಯ ಮುಂಗೈ.

“ಮೀನಾ?” ಅಂತ ಕೇಳಿದೆ.

“ನೋಡಕ್ಕೆ ಮೀನಿನ ಥರ ಅವ್ವಾ, ಆದ್ರೆ ಮೀನಲ್ಲ. ಹಲ್ಲಿ, ಮೊಸಳೆ ಇದಾವಲ್ಲ, ಆ ಕಡೆ ಜಾತಿ. ಇಕ್ತಿಯೋಸಾರ್ ಅಂತಾರೆ. ಇವರ ಹಿರೀಕರು ನೆಲದ ಮೇಲಿದ್ರು. ಆಮೇಲೆ ನೀರಿಗೆ ಹೋದ್ರು.”

“ಉಸಿರು?”

“ಉಸಿರಿಗೆ ಮಾತ್ರ ಮೇಲೆ ಬರ್ಲೇಬೇಕು. ಮರಿ ಹಾಕೋದೂ ನೀರಲ್ಲೇ, ಮೊಟ್ಟೆ ಇಡಕ್ಕೆ ದಡಕ್ಕೆ ಬರಕ್ಕಾಗಲ್ಲ.”

“ಅಂದ್ರೆ ಹೋದೋಳು ವಾಪಸ್ ಬರಕ್ಕಾಗ್ಲಿಲ್ಲ.”

“ಅಷ್ಟೇ” ಅಂದಳು.

ಈ ಕೈಯ ಒಳ ಅರ್ಧ, ತೋಳಿನ ಕಡೆಯದು, ಕಾಲೇಜಿನಲ್ಲೇ ಬಿಡಿಸಿ ಆಗಿತ್ತು. ಅದನ್ನು ಒಂದು ಪೆಟ್ಟಿಗೆಯಲ್ಲಿ ತಂದಿದ್ದಳು. ತೋಳಿನದು ಒಂದು ಗಿಡ್ಡ ದಪ್ಪ ಮೂಳೆ. ಆಮೇಲೆ ಮೊಣಕೈ ಎಲ್ಲಿ, ಮಣಿಕಟ್ಟು ಎಲ್ಲಿ ಅಂತ ಹುಡುಕಿದರೆ ಇಲ್ಲ. ಐದು ಮೂಲೆ, ಆರು ಮೂಲೆಯ ಬಿಲ್ಲೆಗಳು ಒಂದಕ್ಕೊಂದು ಒತ್ತಿಕೊಂಡು, ಅಂಗಳಕ್ಕೆ ಚಪ್ಪಡಿ ಹಾಸಿದ ಹಾಗೆ ಕೂತಿವೆ. ಮಡಚುವುದಿಲ್ಲ, ಹಿಡಿಯುವುದಿಲ್ಲ, ಕೆರೆಯುವುದಿಲ್ಲ. ಬೆರಳೆಲ್ಲ ಸೇರಿ ಒಂದೇ ಹುಟ್ಟು, ದೋಣಿ ನಡೆಸುವ ಹುಟ್ಟು. ಒಳ ಅರ್ಧದಲ್ಲಿ ಬೆರಳಿನ ಸಾಲು ನಾಲ್ಕು ಕಾಣುತ್ತಿತ್ತು. ಹೊರ ಅರ್ಧಕ್ಕೆ ಬರುವಾಗ ಎಷ್ಟಾಗುತ್ತದೆ ಅನ್ನುವುದೇ ಅವಳ ಪ್ರಶ್ನೆ. ಕೆಲವು ಜಾತಿಯಲ್ಲಿ ಐದಂತೆ, ಕೆಲವದರಲ್ಲಿ ಏಳು, ಎಂಟು. ಹೊಸ ಸಾಲು ಯಾವ ಬದಿಗೆ ಸೇರಿದೆ, ಎಲ್ಲಿಂದ ಸೇರಿದೆ, ಅದು ಗೊತ್ತಾದರೆ ಇದು ಯಾವ ಜಾತಿ ಅನ್ನಬಹುದು. ಎರಡು ವರ್ಷದ ಓದು ಆ ಒಂದು ಲೆಕ್ಕದ ಮೇಲೆ ನಿಂತಿತ್ತು. ಕಲ್ಲನ್ನು ಮೂರು ತಿಂಗಳೊಳಗೆ ಅದರ ಮ್ಯೂಸಿಯಮ್ಮಿಗೆ ವಾಪಸ್ ಕಳಿಸಬೇಕು ಅನ್ನುವುದೂ ನನಗೆ ಗೊತ್ತಿತ್ತು.

ಹೊರ ಅರ್ಧದ ಕಲ್ಲು ಗಟ್ಟಿ, ಸೂಜಿಗೆ ಬಗ್ಗಲಿಲ್ಲ. ಅದಕ್ಕೆ ಹುಳಿ ನೀರು, ಅವಳು ಆಸಿಡ್ಡು ಅನ್ನುತ್ತಾಳೆ. ಮೂಳೆ ಕಂಡಷ್ಟು ಜಾಗಕ್ಕೆ ಮೊದಲು ಅಂಟು ಬಳಿಯಬೇಕು. ಒಣಗಿದ ಮೇಲೆ ಹುಳಿ ನೀರಿನ ತೊಟ್ಟಿಗೆ ಇಳಿಸಬೇಕು. ಸಣ್ಣಗೆ ಗುಳ್ಳೆ ಏಳುತ್ತದೆ, ಕಲ್ಲಿನ ಸುಣ್ಣ ಕರಗುತ್ತದೆ, ಮೂಳೆ ಉಳಿಯುತ್ತದೆ. ಒಂದು ಹಗಲು ಹುಳಿ, ಮೂರು ದಿನ ಒಳ್ಳೇ ನೀರು, ಒಂದು ದಿನ ಒಣಗು, ಮತ್ತೆ ಅಂಟು, ಮತ್ತೆ ಹುಳಿ. ಹುಳಿಯ ಕೆಲಸ ಅವಳದು, ಕೈಗೆ ಗ್ಲೌಸು ಹಾಕಿ ಅವಳೇ ಮಾಡುತ್ತಿದ್ದಳು. ನೀರು ಬದಲಾಯಿಸುವುದು, ಒಣಗಿಸುವುದು, ಅಂಟು ಬಳಿಯುವುದು ನನ್ನದು.

ಆ ಕೋಣೆಯಲ್ಲಿ ಕೂತವರಿಗೇ ಗೊತ್ತು. ಫ್ಯಾನು ಹಾಕುವ ಹಾಗಿಲ್ಲ, ಕಿಟಕಿ ತೆಗೆಯುವ ಹಾಗಿಲ್ಲ. ಮುಖಕ್ಕೆ ಬಿಗಿಯಾದ ಮಾಸ್ಕು. ಹುಳಿ ವಾಸನೆ ಮೂಗಿನಿಂದ ಗಂಟಲಿಗೆ ಇಳಿದು ಊಟದಲ್ಲೂ ಅದೇ ರುಚಿ. ಎದ್ದು ಹೊರಗೆ ಹೋಗಬೇಕೆಂದರೆ ಎರಡು ಬಾಗಿಲು ತೆಗೆದು ಮುಚ್ಚಬೇಕು, ನನ್ನ ಮಂಡಿ ಅದಕ್ಕೆ ಒಪ್ಪುವುದಿಲ್ಲ. ಬೆಳಿಗ್ಗೆ ಕೂತರೆ ಮಧ್ಯಾಹ್ನದವರೆಗೆ ಅಲ್ಲೇ. ಗೂಡು ಕಟ್ಟಿಕೊಂಡ ಹುಳುವಿಗಾದರೂ ಚಿಟ್ಟೆಯಾಗುವ ಆಸೆ ಇರುತ್ತದೆ.

ನಾಲ್ಕನೆಯ ಸುತ್ತಿನ ಹುಳಿ ಆದ ಮೇಲೆ ಕಲ್ಲೆನ್ನುವುದು ಉಳಿಯಲಿಲ್ಲ. ತಟ್ಟೆಯ ತುಂಬ ಮೆತ್ತನೆಯ ಬೂದು ಮಣ್ಣು, ಅದರಲ್ಲಿ ಮೂಳೆಗಳು ಅರ್ಧ ಮುಳುಗಿ ಕೂತಿವೆ, ಮೇಲೊಂದು ಕೆಸರಿನ ಪೊರೆ. ಯಾವುದು ಮೂಳೆ, ಯಾವುದು ಮಣ್ಣು ಅಂತ ಇನ್ನೂ ಬಿಡಿಸಿ ಹೇಳಲು ಬರುತ್ತಿರಲಿಲ್ಲ. ಆಗ ಅವಳಿಗೆ ಬೆಂಗಳೂರಿನಿಂದ ಕರೆ ಬಂತು, ಅವಳಿಗೆ ಹೇಳಿಕೊಡುವ ಸರ್ ಏನೋ ಮೀಟಿಂಗಿಗೆ ಬರಹೇಳಿದ್ದರು. ಸೋಮವಾರ ಬೆಳಿಗ್ಗೆ ಬಸ್ಸಿಗೆ ಹೊರಟಳು.

“ಅವ್ವಾ, ಬುಧವಾರ ಬರ್ತೀನಿ. ದಿನಕ್ಕೆ ಎರಡು ಸಲ ನೀರು ಬದಲಾಯ್ಸಿ. ಟ್ಯೂಬಲ್ಲಿ ಎಳೀರಿ, ಮೆತ್ತಗೆ. ಬಂದು ನಾನು ಫೋಟೋ ತಗೀತೀನಿ.”

ಮುಟ್ಟಬೇಡಿ ಅಂತ ಅವಳು ಹೇಳಲಿಲ್ಲ. ಹೇಳಬೇಕು ಅಂತ ಅವಳಿಗೆ ಅನ್ನಿಸಿಯೇ ಇರಲಿಕ್ಕಿಲ್ಲ.

ಮಂಗಳವಾರ ಬೆಳಿಗ್ಗೆ ನೀರು ಎಳೆದಾಗ ಪೊರೆಯೂ ನೀರಿನ ಜೊತೆ ಹೋಯಿತು. ಮೂಳೆಗಳು ಬಟಾಣಿಯ ಹಾಗೆ ಎದ್ದು ಕಂಡವು. ಒಂದನ್ನು ಬೆರಳಲ್ಲಿ ಮುಟ್ಟಿದೆ, ಅಲುಗಿತು. ಇನ್ನೊಂದು ಮುಟ್ಟಿದೆ, ಅದೂ ಅಲುಗಿತು.

ನಮ್ಮ ಕಸುಬಿನಲ್ಲಿ ಒಂದು ಮಾತಿದೆ, ಹಣ್ಣಾದ ಹುಳು ಕಾಯುವುದಿಲ್ಲ ಅಂತ. ಹುಳು ಹಣ್ಣಾಗಿ ಮೈ ಹಳದಿಯಾಗಿ ತಲೆ ಎತ್ತಿತೆಂದರೆ, ಯಜಮಾನ ಊರಲ್ಲಿ ಇರಲಿ ಬಿಡಲಿ, ಕೈಯಲ್ಲಿ ಆರಿಸಿ ಗೂಡು ಕಟ್ಟಲು ಚಂದ್ರಿಕೆ ಅನ್ನುವ ಬಿದಿರು ತಡಿಕೆಗೆ ಬಿಡಬೇಕು. ಒಂದು ಹೊತ್ತು ತಡವಾದರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ಐವತ್ತು ವರ್ಷ ನನ್ನ ಕೈ ಮಾಡಿದ್ದು ಅದನ್ನೇ. ಆ ಮೂಳೆಗಳು ಹಣ್ಣಾಗಿವೆ ಅಂತ ನನ್ನ ಕೈಗೆ ಅನ್ನಿಸಿತು. ತಲೆಯನ್ನು ಕೇಳಲಿಲ್ಲ.

ಆರಿಸಿದೆ. ಒಂದೂ ಮುರಿಯಲಿಲ್ಲ. ಅಂಟಿಕೊಂಡಿದ್ದ ಮೂರು ಜೋಡಿ ಇದ್ದವು. ಎರಡು ಹುಳು ಸೇರಿ ಕಟ್ಟಿದ ಜೋಡಿಗೂಡು ನೂಲು ಬಿಚ್ಚುವವರಿಗೆ ಆಗದು ಅನ್ನುವ ಅಭ್ಯಾಸ ನೋಡಿ, ಅವನ್ನೂ ಸೂಜಿಯಲ್ಲಿ ಬಿಡಿಸಿದೆ. ತೊಳೆದು ಬಟ್ಟೆಯ ಮೇಲೆ ಹರವಿದೆ. ದಪ್ಪ ಒಂದು ಕಡೆ, ನಡು ಒಂದು ಕಡೆ, ಸಣ್ಣ ಒಂದು ಕಡೆ, ಮಾರ್ಕೆಟ್ಟಿಗೆ ಗೂಡು ವಿಂಗಡಿಸಿದ ಹಾಗೆ. ಅರವತ್ತೊಂದು. ಆಮೇಲೆ ಹಾಸಿಗೆ ತೆಗೆದೆ. ಹುಳು ಎತ್ತಿದ ಮೇಲೆ ತಟ್ಟೆಯ ಕಸ, ಹಿಕ್ಕೆ ಎಲ್ಲ ತೆಗೆದು ತೋಟಕ್ಕೆ ಹಾಕುವುದು ಪದ್ಧತಿ. ಆ ಬೂದು ಮಣ್ಣನ್ನು ಗೋಣಿಯ ಮೇಲೆ ಜಾರಿಸಿಕೊಂಡು ಹೋಗಿ ಹಿಪ್ಪುನೇರಳೆಯ ಮೊದಲ ಸಾಲಿನ ಬುಡಕ್ಕೆ ಹಾಕಿ, ತಟ್ಟೆ ತಿಕ್ಕಿ ತೊಳೆದು ಬಿಸಿಲಿಗಿಟ್ಟೆ. ಹುಡುಗಿ ಬಂದು ಖುಷಿಪಡುತ್ತಾಳೆ ಅಂದುಕೊಂಡು ಎಲೆ ಅಡಿಕೆ ಹಾಕಿಕೊಂಡು ಕೂತೆ.

ಮಧ್ಯಾಹ್ನ ಫೋನು ಬಂತು.

“ಅವ್ವಾ, ನೀರು ಬದಲಾಯ್ಸಿದ್ರಾ? ತಟ್ಟೆ ಜರುಗಿಸಿಲ್ಲ ತಾನೆ? ಒಂದು ಎಳ್ಳಷ್ಟು ಅಲುಗಿದ್ರೂ ನನ್ನ ಕಥೆ ಮುಗೀತು. ಮೂಳೆ ಎಲ್ಲಿ ಕೂತಿದೆ ಅನ್ನೋದೇ ನನ್ನ ಕೆಲ್ಸ ಎಲ್ಲಾ. ಮೂಳೆ ಬರೀ ಮೂಳೆ.”

ನಾನು ಬಟ್ಟೆಯ ಮೇಲಿದ್ದ ಮೂರು ಗುಡ್ಡೆ ನೋಡಿದೆ.

“ಹಾಗೇ ಇದೆ ಕಣಮ್ಮ” ಅಂದೆ.

ಯಾಕೆ ಹಾಗಂದೆ ಅಂತ ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಭಯ ಅಲ್ಲ, ನಾನು ಗಂಡನಿಗೇ ಹೆದರಿದವಳಲ್ಲ. ಆ ಕೋಣೆಯಲ್ಲಿ ನನ್ನ ಕೈಯನ್ನು ಮೆಚ್ಚುವವಳು ಒಬ್ಬಳಿದ್ದಳು. ಮನೆಯಲ್ಲಿ ನನ್ನ ಕೈಗೆ ಬೆಳ್ಳುಳ್ಳಿ ಸುಲಿಯುವುದಕ್ಕಿಂತ ಹೆಚ್ಚಿನದನ್ನು ಯಾರೂ ಕೊಡುತ್ತಿರಲಿಲ್ಲ. ಅಷ್ಟೇ ಕಾರಣ. ಅಂಥ ದೊಡ್ಡ ಕಾರಣವೇನಲ್ಲ.

ಎರಡೂ ಬಾಗಿಲು ಹಾಕಿಕೊಂಡೆ. ತಟ್ಟೆಗೆ ಮರಳು ಹರಡಿ ಮೂಳೆ ಜೋಡಿಸಲು ಕೂತೆ. ದಪ್ಪದ್ದು ತೋಳಿನ ಕಡೆಗೆ, ಸಣ್ಣದು ತುದಿಗೆ, ಅಷ್ಟು ಸರಿ. ಸಾಲು ಎಷ್ಟು? ನನ್ನ ಕೈ ನೋಡಿದೆ, ಐದು. ಹುಟ್ಟಿದಾಗಿನಿಂದ ನೋಡಿದ ಕೈಯೆಲ್ಲ ಐದೇ. ಐದು ಸಾಲು ಹಾಕಿದೆ. ನಡುವಿನದು ಉದ್ದ, ಪಕ್ಕದವು ಗಿಡ್ಡ, ನೋಡಲು ಚಂದವಾಗಿಯೇ ಬಂತು. ಸೊಸೆ ಊಟಕ್ಕೆ ಕರೆಯಲು ಬಂದು ಜಾಲರಿಯಾಚೆ ನಿಂತು ಕೂಗಿದಳು, “ಅತ್ತೆ, ಬದುಕಿದೀರಾ? ಮುದ್ದೆ ಆರ್ತಿದೆ!” ಬರ್ತೀನಿ ಹೋಗು ಅಂದೆ. ಹೋಗಲಿಲ್ಲ.

ನಲವತ್ತೇಳು ಮೂಳೆ ಐದು ಸಾಲಿಗೆ ಹಿಡಿದವು. ಹದಿನಾಲ್ಕು ಉಳಿದವು. ಅವುಗಳಿಗೆ ಜಾಗವೇ ಇರಲಿಲ್ಲ. ಒಂದು ಹಳೇ ಬಟ್ಟೆ ಚೂರಿನಲ್ಲಿ ಸುತ್ತಿ ಸೊಂಟದ ಎಲೆ ಅಡಿಕೆ ಸಂಚಿಗೆ ಹಾಕಿಕೊಂಡೆ.

ಬುಧವಾರ ಹುಡುಗಿ ಬಂದಳು. ಎರಡನೆಯ ಸುಳ್ಳನ್ನು ಸಿದ್ಧ ಮಾಡಿಟ್ಟುಕೊಂಡಿದ್ದೆ. “ನೀರು ಎಳೆಯುವಾಗ ಎಲ್ಲಾ ಸಡಿಲ ಆದ್ವು ಕಣಮ್ಮ. ಕೊಚ್ಕೊಂಡು ಹೋದಾವು ಅಂತ ಒಂದೊಂದೇ ಎತ್ತಿ, ಇದ್ದ ಹಾಗೇ ಮರಳ ಮೇಲೆ ಇಟ್ಟಿದೀನಿ.”

ಅವಳ ಮುಖ ಒಂದು ಗಳಿಗೆ ಬಿಳಿಚಿತು. ಆಮೇಲೆ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. “ಐದು?” ಅಂದಳು. “ಐದೇನಾ ಅವ್ವಾ?”

“ಐದೇ.”

ಬೇರೆ ಯಾರಾದರೂ ಹೇಳಿದ್ದರೆ ಅವಳು ನಂಬುತ್ತಿರಲಿಲ್ಲ. ಎರಡು ತಿಂಗಳಲ್ಲಿ ನನ್ನ ಕೈಯಲ್ಲಿ ಒಂದು ಮೂಳೆಯ ಮೂಲೆಯೂ ಸೀಳಿರಲಿಲ್ಲ. ಆ ನಂಬಿಕೆಯ ಮೇಲೆ ಫೋಟೋ ತೆಗೆದಳು, ಸರ್‌ಗೆ ಕಳಿಸಿದಳು. ಸಾಯಂಕಾಲ ಅವರೇ ಫೋನು ಮಾಡಿದರು, ಸ್ಪೀಕರಿಗೆ ಹಾಕಿದ್ದಳು. “ಐದು ಸಾಲು ಅಂದ್ರೆ ನಾವು ಅಂದ್ಕೊಂಡಿದ್ದೇ ಬೇರೆ ಆಯ್ತಲ್ಲಮ್ಮಾ. ಹೊಸದೇ ಇರಬಹುದು. ಒಂದೊಂದು ಮೂಳೆನೂ ಚಿತ್ರ ಬರೀರಿ, ಅಳತೆ ಹಾಕಿ. ಬೇಗ ಬರೆದು ಕಳಿಸ್ಬೇಕು” ಅಂದರು. ಹುಡುಗಿ ನನ್ನ ಕೈ ಹಿಡಿದುಕೊಂಡು ನಕ್ಕಳು. ಸಂಚಿ ನನ್ನ ತೊಡೆಗೆ ತಗುಲುತ್ತಿತ್ತು.

ಅವತ್ತಿನಿಂದ ಮೂರು ದಿನ ನಾನು ಎಲೆ ಅಡಿಕೆ ಹಾಕಲಿಲ್ಲ. ಸಂಚಿ ಬಿಚ್ಚುವುದು ಹೇಗೆ? ಸೊಸೆ ಎರಡು ಸಲ ಕೇಳಿದಳು, “ಏನತ್ತೆ, ವ್ರತಾನಾ?” ಸ್ನಾನಕ್ಕೆ ಹೋದರೆ ಸಂಚಿ ಜೊತೆಗೆ, ಮಲಗಿದರೆ ದಿಂಬಿನ ಕೆಳಗೆ. ಮನೆಯಲ್ಲಿ ಎಲ್ಲಿಟ್ಟರೂ ಯಾರಾದರೂ ಮುಟ್ಟುತ್ತಾರೆ, ಎಸೆದುಬಿಡಲು ಕೈ ಬರುವುದಿಲ್ಲ, ಹುಳು ಮನೆಯಲ್ಲಿ ಇಟ್ಟರೆ ಅವಳ ಕಣ್ಣಿಗೆ ಬೀಳುತ್ತದೆ. ಹುಷಾರಿಲ್ಲ, ನಾಳೆಯಿಂದ ಬರಲ್ಲ ಅನ್ನಬೇಕು ಅಂತ ದಿನಾ ಬೆಳಿಗ್ಗೆ ಅಂದುಕೊಳ್ಳುತ್ತಿದ್ದೆ. ನಾನು ಹೋಗದಿದ್ದರೆ ತಟ್ಟೆಯ ಮುಂದೆ ಅವಳೊಬ್ಬಳೇ ಕೂರುತ್ತಾಳೆ, ಏನು ಕಂಡುಹಿಡಿಯುತ್ತಾಳೋ. ಹೋದರೆ ನಾನೇ ಕೂತು ನೋಡಬೇಕು. ಎರಡು ಬಾಗಿಲಿನ ನಡುವೆ ಒಂದು ಸಣ್ಣ ಜಾಗವಿದೆ, ಹುಳು ಮನೆಗೆ ಹೋಗುವ ಮುಂಚೆ ಕಾಲು ತೊಳೆದುಕೊಳ್ಳುವುದಕ್ಕೆ. ಅಲ್ಲಿ ನಿಂತು ಒಳಗೂ ಹೋಗದೆ ಹೊರಗೂ ಹೋಗದೆ ಉಸಿರು ಎಳೆದುಕೊಳ್ಳುತ್ತಿದ್ದೆ.

ಚಿತ್ರ ಬರೆಯುವ ಕೆಲಸ ಹೀಗೆ. ಅವಳು ಕಾಗದ ಪೆನ್ಸಿಲು ಹಿಡಿದು ಕೂರುತ್ತಾಳೆ. ನಾನು ಒಂದೊಂದು ಮೂಳೆಯನ್ನು ಮರಳಿನಿಂದ ಎತ್ತಿ, ಹೆಬ್ಬೆರಳಿನಲ್ಲಿ ಅಂಚು ತಡವಿ ಹೇಳಬೇಕು. ಪಕ್ಕದ ಮೂಳೆ ಒತ್ತಿಕೊಂಡಿದ್ದ ಕಡೆ ಚಪ್ಪಟೆ ಮುಖ ಇರುತ್ತದೆ. ಹುಟ್ಟಿನ ಅಂಚಿನಲ್ಲಿದ್ದ ಮೂಳೆಗೆ ಒಂದು ಬದಿ ಬೋಳು, ಗುಂಡಗೆ ಇರುತ್ತದೆ, ಯಾಕೆಂದರೆ ಆ ಕಡೆ ಪಕ್ಕದವರು ಯಾರೂ ಇರಲಿಲ್ಲ. ಹೊಲದ ಬದುವಿನ ಹಾಗೆ. ಇದನ್ನು ಅವಳೇ ನನಗೆ ಕಲಿಸಿದ್ದು.

“ಮೂರನೇ ಸಾಲು, ನಾಲ್ಕನೇದು” ಅಂದಳು ಅವಳು. ಶನಿವಾರ ಬೆಳಿಗ್ಗೆ ಅದು.

ಎತ್ತಿದೆ. ತಡವಿದೆ. “ಮೇಲೆ ಚಪ್ಪಟೆ. ಕೆಳಗೆ ಚಪ್ಪಟೆ. ಎಡಕ್ಕೆ ಚಪ್ಪಟೆ. ಬಲಕ್ಕೆ...”

“ಬಲಕ್ಕೆ?”

“ಬೋಳು.”

ಅವಳು ತಲೆಯೆತ್ತಿದಳು. “ಮೂರನೇ ಸಾಲು ಅವ್ವಾ. ಮಧ್ಯದಲ್ಲಿ ಬೋಳು ಹೇಗೆ ಬರುತ್ತೆ?”

ಅವಳು ಮೂಳೆ ತೆಗೆದುಕೊಂಡು ದೀಪದ ಕೆಳಗೆ ಹಿಡಿದಳು. “ಹುಳಿ ಜಾಸ್ತಿ ಆಗಿ ಸವೆದಿರ್ಬೇಕು” ಅಂದಳು. ಹಾಗೇ ಬರೆದುಕೊಂಡಳು. ಮುಂದಿನದು ಸರಿಯಿತ್ತು. ಅದರ ಮುಂದಿನದು ಮತ್ತೆ ಬೋಳು. “ಇದೂ ಸವೆದಿದೆ” ಅಂತ ಬರೆದಳು. ಅಂಥ ಐದನೆಯದು ಬಂದಾಗ ಅವಳು ಪೆನ್ಸಿಲು ಕೆಳಗಿಟ್ಟು ಕಣ್ಣು ಉಜ್ಜಿಕೊಂಡಳು.

“ನಂಗೇ ನೋಡಕ್ಕೆ ಬರ್ತಿಲ್ಲ ಅವ್ವಾ. ಸರ್ ಹೊಸದು ಅಂತಿದಾರೆ, ನಂಗೆ ಒಂದಕ್ಕೊಂದು ಕೂರ್ತಾ ಇಲ್ಲ. ಎರಡು ವರ್ಷದಿಂದ ಇದನ್ನೇ ನೋಡ್ತಿದೀನಿ, ಕಣ್ಣೇ ಕೆಟ್ಟಿದೆ ಅನ್ಸುತ್ತೆ. ಈ ಓದು ನನ್ನ ಕೈಲಾಗೋದಲ್ಲ.”

ನಾನು ಸುಳ್ಳು ಹೇಳಿದ್ದು ಒಂದು ತಟ್ಟೆ ಮೂಳೆಯ ಬಗ್ಗೆ ಅಂದುಕೊಂಡಿದ್ದೆ. ಈ ಹುಡುಗಿ ಈಗ ತನ್ನ ಕಣ್ಣನ್ನೇ ಸುಳ್ಳು ಅನ್ನಲು ಹೊರಟಿದ್ದಳು. ಸರಿಯಾಗಿ ನೋಡಿದ್ದನ್ನು ಅಳಿಸಿ, ನನ್ನ ಸುಳ್ಳಿಗೆ ಹೊಂದುವ ಹಾಗೆ ಬರೆಯುತ್ತಿದ್ದಳು. ಅದನ್ನು ನೋಡಿಕೊಂಡು ಕೂರಲು ನನ್ನಿಂದ ಆಗಲಿಲ್ಲ.

“ನಿನ್ನ ಕಣ್ಣು ಸರಿಯಾಗೇ ಇದೆ” ಅಂದೆ. ಸಂಚಿ ಬಿಚ್ಚಿದೆ. ಬಟ್ಟೆ ಚೂರನ್ನು ಮೇಜಿನ ಮೇಲೆ ಹಾಕಿ ಬಿಡಿಸಿದೆ.

ಅವಳು ಮುಟ್ಟದೆ ಎಣಿಸಿದಳು. ಮಾಸ್ಕು ತೆಗೆದಳು. ತುಟಿ ಅಲುಗಿತು, ತೆಲುಗಿನಲ್ಲಿ ಕೇಳಿದಳು, “ಎನ್ನಿ ರೋಜುಲು ಅವ್ವಾ?” ಎಷ್ಟು ದಿನದಿಂದ ಅಂತ.

“ಮಂಗಳವಾರದಿಂದ. ಎಲ್ಲಾ ನಾನೇ ಆರಿಸ್ಬಿಟ್ಟೆ. ಹುಳ ಆರಿಸಿದ ಹಾಗೆ. ಐದು ಸಾಲು ನಾನು ಹಾಕಿದ್ದು, ನನ್ನ ಕೈ ನೋಡಿ.”

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವಳು ಒಂದೇ ಮಾತು ಕೇಳಿದಳು.

“ಮಣ್ಣು?”

“ಯಾವ ಮಣ್ಣು?”

“ಮೂಳೆ ಕೂತಿತ್ತಲ್ಲ, ಆ ಮಣ್ಣು! ಎಲ್ಲಿ ಹಾಕಿದ್ರಿ? ಮೂಳೆ ತೆಗೆದ್ರೂ ಅದರ ಗುಳಿ ಇರುತ್ತಲ್ಲವ್ವಾ ಅದ್ರಲ್ಲಿ!”

ಎರಡು ಬಾಗಿಲನ್ನೂ ಅವಳು ಹಾರು ಹೊಡೆದು ತೆಗೆದಳು. ನಾನು ಮಂಡಿ ಎಳೆದುಕೊಂಡು ಹಿಂದೆ ಹೋದೆ. ಹಿಪ್ಪುನೇರಳೆಯ ಮೊದಲ ಸಾಲಿನ ಬುಡದಲ್ಲಿ ನೀರು ನಿಂತಿತ್ತು. ಸೊಸೆ ಸೊಪ್ಪು ಕೊಯ್ಯುತ್ತಾ, “ಕಾಲಿಡ್ಬೇಡ್ರೇ, ಹಸಿ ಇದೆ! ನಿನ್ನೆ ಕರೆಂಟು ಬಂತು ಅಂತ ಮೋಟ್ರು ಹಾಕಿದ್ದೆ” ಅಂತ ಕೂಗಿದಳು.

ನಾನು ಮಣ್ಣನ್ನು ಎರಡು ಹೆಂಟೆಯಾಗಿ ಜಾರಿಸಿದ್ದೆ. ತಗ್ಗಿನಲ್ಲಿ ಬಿದ್ದಿದ್ದ ದೊಡ್ಡ ಹೆಂಟೆ ಕರಗಿ ಗಂಜಿಯ ಹಾಗೆ ಹರಡಿತ್ತು, ಅದರ ಮೇಲೆ ಕೋಳಿ ಹೆಜ್ಜೆ. ಇನ್ನೊಂದು ಬದುವಿನ ಮೇಲೆ ಉಳಿದು, ಬಿಸಿಲಿಗೆ ಒಣಗಿ, ಮೂರು ತುಂಡಾಗಿ ಬಿರುಕು ಬಿಟ್ಟಿತ್ತು. ಹುಡುಗಿ ಕೆಸರಲ್ಲೇ ಮಂಡಿಯೂರಿ ಅದನ್ನು ನೋಡಿದಳು. ಇಡ್ಲಿ ತಟ್ಟೆಯಲ್ಲಿರುವ ಹಾಗೆ ಗುಳಿಗಳು.

ಅಂದರೆ ಮಂಗಳವಾರ ಮಧ್ಯಾಹ್ನ ಫೋನಿನಲ್ಲಿ ನಿಜ ಹೇಳಿದ್ದರೆ ಎರಡು ಹೆಂಟೆಯೂ ಸಿಗುತ್ತಿತ್ತು. ಬುಧವಾರ ಹೇಳಿದ್ದರೂ ಸಿಗುತ್ತಿತ್ತು, ಗುರುವಾರವೂ. ನಾನು ಮೂಳೆ ಆರಿಸಿದ್ದರಿಂದ ಅವಳ ಕೆಲಸ ಕೆಡಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರಿಂದ ಕೆಟ್ಟಿತು. ಇದನ್ನು ನಾನು ಯಾರಿಗೂ ಹೇಳಬೇಕಾಗಿರಲಿಲ್ಲ, ಅಲ್ಲಿ ನಿಂತಿದ್ದ ಇಬ್ಬರಿಗೂ ಕಾಣುತ್ತಿತ್ತು.

“ತಟ್ಟೆ ತನ್ನಿ” ಅಂದಳು. ಬಿದಿರು ತಟ್ಟೆ ತಂದೆ. ಮೂರು ತುಂಡಿನ ಕೆಳಗೂ ತಗಡು ತೂರಿಸಿ, ಅಲುಗದಂತೆ ಎತ್ತಿ ಒಳಗೆ ಒಯ್ದೆವು. ಸೊಸೆ ಸೊಪ್ಪಿನ ಹೊರೆ ತಲೆಯ ಮೇಲಿಟ್ಟುಕೊಂಡೇ ನಿಂತು ನೋಡಿದಳು. “ಮಣ್ಣಿಗೂ ಮೆರವಣಿಗೆನಾ ಅತ್ತೆ?” ಅಂದಳು. ನನ್ನ ಮುಖ ನೋಡಿ ಹೊರೆ ಹೊತ್ತು ಶೆಡ್ಡಿನ ಕಡೆ ಹೋದಳು.

ಆಮೇಲಿನ ಒಂಬತ್ತು ದಿನ ಕಷ್ಟದ ಕೆಲಸ. ಹುಡುಗಿ ಮೊದಲು ಒಂದು ನಿಯಮ ಹೇಳಿದಳು. ಒಂದು ಮೂಳೆಯನ್ನು ಒಂದು ಜಾಗದಲ್ಲಿ ಇಡಬೇಕಾದರೆ ಎರಡು ಸಾಕ್ಷಿ ಬೇಕು. ಒಂದು, ಗುಳಿಗೆ ಕೂರಬೇಕು, ಇಲ್ಲವೇ ಪಕ್ಕದ ಮೂಳೆಯ ಚಪ್ಪಟೆ ಮುಖಕ್ಕೆ ಇದರ ಮುಖ ಸಂದಿಲ್ಲದೆ ಹೊಂದಬೇಕು. ಎರಡು, ಕಲ್ಲಿನಲ್ಲಿ ಹರಿದಿದ್ದ ಕೆಂಪು ಕಲೆಯ ಗೆರೆ ಈ ಮೂಳೆಯಿಂದ ಆ ಮೂಳೆಗೆ ಕಡಿಯದೆ ಸಾಗಬೇಕು. ಒಂದೇ ಸಾಕ್ಷಿ ಇದ್ದರೆ ಇಡುವ ಹಾಗಿಲ್ಲ. ನನ್ನ ನೆನಪು ಸಾಕ್ಷಿಯೇ ಅಲ್ಲ. ಹಾಗೆ ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ಅವಳು ಹೇಳಿದ್ದು ಸರಿಯೇ.

ಮೂರು ದಿನ ಕೆಲಸಕ್ಕೆ ಬೇಕಾದ್ದು ಬಿಟ್ಟರೆ ಬೇರೆ ಮಾತಿಲ್ಲ. ಸೂಜಿ ಕೊಡಿ, ಬ್ರಷ್ಷು ಕೊಡಿ. ಅವ್ವಾ ಅನ್ನುವುದೂ ನಿಂತಿತ್ತು. ಆ ಮುಚ್ಚಿದ ಕೋಣೆಯಲ್ಲಿ ಬೈಗುಳಕ್ಕಿಂತ ಅದೇ ಭಾರ. ಎದ್ದು ಹೋಗಬಹುದಿತ್ತು, ಯಾರೂ ಹಿಡಿದಿರಲಿಲ್ಲ. ಮೂಳೆಯ ಅಂಚು ತಡವಿ ಹೇಳುವ ಬೆರಳು ಅವಳಿಗೆ ಇರಲಿಲ್ಲ, ಕಲಿಯಲು ತಿಂಗಳು ಉಳಿದಿರಲಿಲ್ಲ. ಅದಕ್ಕೆ ಕೂತೆ. ಕಣ್ಣು ಮುಚ್ಚಿ ಎರಡು ಮೂಳೆಯ ಮುಖಕ್ಕೆ ಮುಖ ಇಟ್ಟು ಉಜ್ಜದೆ ಒತ್ತುತ್ತಿದ್ದೆ. ಹೊಂದಿದರೆ ಬೆರಳಿಗೆ ಗೊತ್ತಾಗುತ್ತದೆ, ಡಬ್ಬಿಗೆ ಅದರದೇ ಮುಚ್ಚಳ ಕೂತ ಹಾಗೆ. ಆಗ ಅವಳು ಕೆಂಪು ಗೆರೆ ನೋಡುತ್ತಿದ್ದಳು. ನಾನು ಹೂಂ ಅಂದು ಅವಳು ಊಹೂಂ ಅಂದರೆ ಆ ಮೂಳೆ ವಾಪಸ್ ಬಟ್ಟೆಗೆ.

ನಾಲ್ಕನೆಯ ದಿನ ಮಣ್ಣಿನ ನಡುವಿನ ತುಂಡಿಗೆ ಒಂಬತ್ತು ಮೂಳೆ ಒಂದಾದ ಮೇಲೊಂದು ಕೂತವು. ಅಡ್ಡಕ್ಕೆ ಎಣಿಸಿದರೆ ಏಳು ಸಾಲು. ನಾನು ಜಾಗವಿಲ್ಲವೆಂದು ಸೊಂಟದಲ್ಲಿ ಹೊತ್ತಿದ್ದವುಗಳಲ್ಲಿ ನಾಲ್ಕು ಹಿಂಬದಿಯ ಅಂಚಿಗೆ ಹೋಗಿ ಕೂತವು, ಬೋಳು ಬದಿ ಹೊರಕ್ಕೆ. ಹೊಸ ಸಾಲು ಸೇರಿದ್ದು ಅಲ್ಲಿಂದ.

“ಏಳು ಅವ್ವಾ” ಅಂದಳು. ಅವ್ವಾ ಅಂದದ್ದು ಅವಳಿಗೇ ಗೊತ್ತಾಗಲಿಲ್ಲ ಅಂತ ಕಾಣುತ್ತದೆ.

ಅವತ್ತೇ ಸರ್‌ಗೆ ಫೋನು ಮಾಡಿದಳು. ನಾನು ತೊಟ್ಟಿ ತೊಳೆಯುತ್ತಿದ್ದೆ. “ಮೊದಲು ಕಳಿಸಿದ ಫೋಟೋ ತಪ್ಪು ಸರ್. ಐದಲ್ಲ. ಮೂಳೆ ಎತ್ತೋವಾಗ ಜಾಗ ತಪ್ಪಿತ್ತು. ನಾನೇ ಸರಿಯಾಗಿ ನೋಡ್ಕೊಳ್ಲಿಲ್ಲ.” ಆ ಕಡೆಯಿಂದ ಜೋರು ದನಿ ಕೇಳಿಸಿತು. ಅವಳು ಸರಿ ಸರ್, ಸರಿ ಸರ್ ಅನ್ನುತ್ತಾ ನಿಂತಿದ್ದಳು.

ಒಂಬತ್ತನೆಯ ದಿನಕ್ಕೆ ಐವತ್ತು ಮೂಳೆ ಕೂತವು. ಹನ್ನೊಂದು ಉಳಿದವು, ಹೆಚ್ಚಿನವು ತುದಿಯ ಸಣ್ಣವು, ಕರಗಿ ಹೋದ ಹೆಂಟೆಯಲ್ಲಿದ್ದವು. ತುದಿ ಹೇಗಿತ್ತು, ಎಲ್ಲಿಗೆ ಮುಗಿಯುತ್ತಿತ್ತು, ತಿಳಿಯಲಿಲ್ಲ. ಒಂದನ್ನು ನಾನು ಏಳನೇ ಸಾಲಿನ ಕೊನೆಗೆ 'ಇಲ್ಲೇ ಇರಬೇಕು' ಅಂತ ಇಟ್ಟೆ. ಅವಳು ನೋಡಿದಳು. ನಾನೇ ತೆಗೆದೆ.

ಪೆಟ್ಟಿಗೆ ಕಟ್ಟುವ ದಿನ ಮೂಳೆಯ ಜೊತೆ ಹೋಗುವ ಚೀಟಿ ಬರೆಯುತ್ತಿದ್ದಳು. ಓದು ಅಂದೆ. ಓದಿದಳು. ಹನ್ನೊಂದು ಮೂಳೆಗಳ ಜಾಗ ಗೊತ್ತಿಲ್ಲ, ತೆಗೆಯುವಾಗ ಕದಲಿವೆ, ಅಂತ ಇತ್ತು.

“ಯಾರು ಕದಲಿಸಿದ್ದು ಅಂತ ಬರಿ.”

“ಬೇಡ ಅವ್ವಾ. ನನ್ನ ಕೆಲ್ಸ, ನನ್ನ ಜವಾಬ್ದಾರಿ.”

“ಫೋನಲ್ಲಿ ನೀನು ನಿನ್ನದೇ ತಪ್ಪು ಅಂದೆ, ನಾನು ಕೇಳಿಸ್ಕೊಂಡು ಸುಮ್ನಿದ್ದೆ. ಸುಮ್ನಿದ್ದಿದ್ದಕ್ಕೆ ಏನಾಯ್ತು ಅಂತ ನೋಡಿದೀವಲ್ಲ. ನಾಳೆ ಯಾರೋ ಬಂದು ಈ ಪೆಟ್ಟಿಗೆ ತೆಗೀತಾರೆ, ಈ ಹುಡುಗಿಗೆ ಕೆಲ್ಸ ಬರ್ತಿರ್ಲಿಲ್ಲ ಅಂತಾರೆ. ಬರಿ.”

“ಏನಂತ ಬರೀಲಿ?”

“ನಡೆದಿದ್ದು ಬರಿ. ಮೂಳೆ ಆರಿಸಿದ್ದು ನಾನು. ಮಣ್ಣು ಚೆಲ್ಲಿದ್ದು ನಾನು. ನಾಲ್ಕು ದಿನ ಹೇಳ್ಲಿಲ್ಲ ಅನ್ನೋದೂ ಹಾಕು.”

ಅವಳು ಇಂಗ್ಲಿಷಿನಲ್ಲಿ ಬರೆದಳು. ಅದರ ಕೆಳಗೆ ಕನ್ನಡದಲ್ಲೂ ಬರೆಸಿದೆ, ನನಗೆ ಓದಲು ಬರಬೇಕಲ್ಲ. ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರದಲ್ಲಿ ನನ್ನ ಹೆಸರು ಹಾಕಿದೆ. ಪೆನ್ನು ಸೂಜಿಗಿಂತ ಭಾರ, ಕೊನೆಯ ಅಕ್ಷರ ಗೆರೆ ದಾಟಿ ಹೋಯಿತು.

ಹನ್ನೊಂದನ್ನೂ ಹತ್ತಿ ಹಾಸಿದ ಸಣ್ಣ ಡಬ್ಬಿಯಲ್ಲಿ ಇಟ್ಟೆವು. ಒಂದು ಮೂಳೆಯ ಮೇಲೆ ಬಿಳಿ ಕಲೆ ಇತ್ತು. ನನ್ನ ಸಂಚಿಯ ಸುಣ್ಣದ ಡಬ್ಬಿ ಸೋರಿ ಹತ್ತಿದ್ದು. ಬಟ್ಟೆ ಒದ್ದೆ ಮಾಡಿಕೊಂಡು ಒರೆಸಲು ಹೋದೆ.

“ಬಿಡಿ” ಅಂದಳು. “ಅದೂ ಇರ್ಲಿ.” ಚೀಟಿಗೆ ಇನ್ನೊಂದು ಸಾಲು ಸೇರಿಸಿದಳು.

ಟೆಂಪೊ ಹೋದ ಮೇಲೆ ಹುಳು ಮನೆಯ ಎರಡು ಬಾಗಿಲನ್ನೂ ತೆಗೆದಿಟ್ಟು, ಹೊಸ್ತಿಲ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚಿದೆ. ಆ ಸುಣ್ಣ ಹತ್ತಿದ ಮೂಳೆ ಯಾವ ಸಾಲಿನದು ಅಂತ ನನಗೆ ಗೊತ್ತಿಲ್ಲ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ.